ಹಿಂದೆ ಸರಿಸಿ ನೋಡುವ ವಯಸ್ಸು

ಹಾವೇರಿ, ರಾಣೆಬೆನ್ನೂರು, ಹರಿಹರದ ಕಡೆಯ ಗಂಡಸರು ಈ ತೊಂದರೆಯನ್ನು ಮೊದಲ ಮಾತಿಗೇ ಹೇಳುವುದು ಅಪರೂಪ. ಸೊಂಟ ನೋಯುತ್ತದೆ ಎನ್ನುತ್ತಾರೆ, ಗ್ಯಾಸು ಎನ್ನುತ್ತಾರೆ, ಕೈಕಾಲು ಸೋಲುತ್ತವೆ ಎನ್ನುತ್ತಾರೆ. ಚೀಟಿ ಬರೆದುಕೊಟ್ಟ ಮೇಲೆ ಎದ್ದು, ಬಾಗಿಲ ತನಕ ಹೋಗಿ, ತಿರುಗಿ ನಿಂತು, ‘ಸರ, ಇನ್ನೊಂದು ಸಣ್ಣದಿತ್ರಿ’ ಎನ್ನುತ್ತಾರೆ. ಆ ಸಣ್ಣದಕ್ಕೇ ಅವರು ಬಸ್ಸು ಹತ್ತಿ ಬಂದಿರುವುದು. ಮುಂದೊಗಲು, ಅಂದರೆ ಶಿಶ್ನದ ತುದಿಯನ್ನು ಮುಚ್ಚುವ ಚರ್ಮ, ಹಿಂದೆ ಸರಿಯುತ್ತಿಲ್ಲ. ಅಥವಾ ಸೀಳಿದೆ, ಊದಿದೆ, ವಾಸನೆ ಬರುತ್ತಿದೆ.

ಮೂತ್ರರೋಗದ ವೈದ್ಯನಾಗಿ ನನಗೆ ಎದ್ದು ಕಂಡದ್ದು ಒಂದು ತಿರುವುಮುರುವು. ಮುಟ್ಟಬಾರದ ಎಳೆಗೂಸಿನದಕ್ಕೆ ಮನೆಮಂದಿಯೆಲ್ಲ ಕೈಹಾಕುತ್ತಾರೆ. ನೋಡಲೇಬೇಕಾದ ಐವತ್ತರ ಗಂಡಸಿನದನ್ನು ಯಾರೂ ನೋಡುವುದಿಲ್ಲ. ಅವನ ಶುಗರ್ ಡಾಕ್ಟರೂ ನೋಡುವುದಿಲ್ಲ, ಅವನೂ ನೋಡಿಕೊಳ್ಳುವುದಿಲ್ಲ.

1. ಕೂಸಿನ ತೊಗಲು ಹಿಂದೆ ಸರಿಯದಿರುವುದೇ ಸರಿ

ಹುಟ್ಟುವಾಗ ಮುಂದೊಗಲಿನ ಒಳಮೈ ಶಿಶ್ನಮಣಿಗೆ, ಅಂದರೆ ಶಿಶ್ನದ ತುದಿಗೆ, ಅಂಟಿಕೊಂಡೇ ಇರುತ್ತದೆ. ರೋಗವಲ್ಲ, ಬೆಳವಣಿಗೆ ಇನ್ನೂ ಮುಗಿದಿಲ್ಲ ಅಷ್ಟೆ. ಇಂಗ್ಲೆಂಡಿನ ಮಕ್ಕಳ ವೈದ್ಯ ಡಗ್ಲಸ್ ಗೇರ್ಡ್‌ನರ್ 1949ರಲ್ಲೇ ಬರೆದರು: ಆಗತಾನೆ ಹುಟ್ಟಿದ ಗಂಡುಕೂಸುಗಳಲ್ಲಿ ತೊಗಲು ಪೂರ್ತಿ ಹಿಂದೆ ಸರಿಯುವುದು ನೂರಕ್ಕೆ 4ರಲ್ಲಿ ಮಾತ್ರ. ಡೆನ್ಮಾರ್ಕಿನ ಓಸ್ಟರ್ ಎಂಬ ವೈದ್ಯರು ಶಾಲಾ ಹುಡುಗರನ್ನು ವರ್ಷಗಟ್ಟಲೆ ಪರೀಕ್ಷಿಸಿ 1968ರಲ್ಲಿ ಲೆಕ್ಕ ಕೊಟ್ಟರು. ಆರೇಳು ವರ್ಷದವರಲ್ಲಿ ನೂರಕ್ಕೆ 63 ಮಂದಿಗೆ ಅಂಟು ಇನ್ನೂ ಉಳಿದಿತ್ತು. ಹದಿನಾರು ಹದಿನೇಳಕ್ಕೆ ಅದು 3ಕ್ಕೆ ಇಳಿದಿತ್ತು. ನಿಜವಾದ ಬಿಗಿತ ನೂರಕ್ಕೆ 8 ಇದ್ದದ್ದು ಅದೇ ಅವಧಿಯಲ್ಲಿ 1ಕ್ಕೆ ಬಂದಿತ್ತು. ಯಾರೂ ಕತ್ತರಿ ಆಡಿಸದೆ, ಎಣ್ಣೆ ಹಚ್ಚಿ ಎಳೆಯದೆ ಆದದ್ದಿದು.

ನಮ್ಮಲ್ಲಿ ಎಳೆಯುತ್ತಾರೆ. ಬಾಣಂತನಕ್ಕೆ ನಿಂತ ಅಜ್ಜಿ ಕೂಸಿಗೆ ಎರೆಯುವಾಗ ‘ದಿನಾ ಸ್ವಲ್ಪ ಸ್ವಲ್ಪ ಹಿಂದಕ್ಕ ಜಗ್ಗಬೇಕವ್ವಾ’ ಎಂದು ಸೊಸೆಗೆ ಹೇಳಿಕೊಡುತ್ತಾಳೆ. ಅಜ್ಜಿಯನ್ನೇ ಯಾಕೆ ದೂರಬೇಕು, ಹಾಗೆ ಹೇಳಿ ಕಳಿಸುವ ವೈದ್ಯರೂ ಇದ್ದಾರೆ. ಬಲವಂತವಾಗಿ ಸರಿಸಿದಾಗ ಅಂಟು ಕಿತ್ತು ರಕ್ತ ಬರುತ್ತದೆ, ತೊಗಲಿನ ಬಾಯಿಯಂಚು ಸೀಳುತ್ತದೆ, ಆ ಸೀಳು ಮಾಯುವಾಗ ಗಟ್ಟಿ ಕಲೆಯಾಗುತ್ತದೆ. ತಾನಾಗಿ ಸಡಿಲವಾಗಬೇಕಿದ್ದ ತೊಗಲು ಆಮೇಲೆ ನಿಜಕ್ಕೂ ಬಿಗಿಯುತ್ತದೆ.

ತಾಯಂದಿರು ಹೆದರುವ ಎರಡು ಸಂಗತಿಗಳಿವೆ. ಒಂದು, ತೊಗಲಿನಡಿ ಕಾಣುವ ಬಿಳಿ ಗಂಟು. ಕೀವು ತುಂಬಿದೆ ಎಂದು ಆಂಟಿಬಯೋಟಿಕ್ ಕುಡಿಸಿಕೊಂಡೇ ಬಂದಿರುತ್ತಾರೆ. ಅದು ಸತ್ತ ಚರ್ಮದ ಕಣಗಳು ಕೂಡಿದ ಸ್ಮೆಗ್ಮಾ. ಅಂಟು ಬಿಟ್ಟಂತೆ ತಾನೇ ಹೊರಬೀಳುತ್ತದೆ. ಇನ್ನೊಂದು, ಉಚ್ಚೆ ಹೊಯ್ಯುವಾಗ ತುದಿ ಉಬ್ಬುವುದು. ಆಮೇಲೆ ಧಾರೆ ಸಲೀಸಾಗಿ ಬರುತ್ತಿದ್ದರೆ, ನೋವಿಲ್ಲದಿದ್ದರೆ, ಅದಕ್ಕೂ ಔಷಧ ಬೇಡ. ಮಗು ತಿಣುಕಿದರೆ, ಹನಿಹನಿಯಾಗಿ ಹೊಯ್ದರೆ, ಪದೇ ಪದೇ ಜ್ವರದ ಜೊತೆ ಮೂತ್ರದ ಸೋಂಕು ಬಂದರೆ, ತೊಗಲಿನ ಬಾಯಿ ಬೆಳ್ಳಗೆ ಬಿರುಸಾದರೆ ಕರೆತನ್ನಿ. ಆಗ ಬರೀ ತೊಗಲನ್ನಲ್ಲ, ಒಳಗಿನ ಮೂತ್ರನಾಳದಲ್ಲಿ ಹುಟ್ಟಿನಿಂದ ತಡೆಯೇನಾದರೂ ಇದೆಯೇ ಎಂದೂ ನೋಡಬೇಕಾಗುತ್ತದೆ.

2. ಕತ್ತರಿಗಿಂತ ಮೊದಲು ಮುಲಾಮು

ಶಾಲೆಗೆ ಹೋಗುವ ಹುಡುಗನಿಗೆ ಬಿಗಿತದಿಂದ ನಿಜವಾಗಿ ತೊಂದರೆಯಿದ್ದರೆ ಬೀಟಾಮೆಥಾಸೋನ್ ಮುಲಾಮನ್ನು ದಿನಕ್ಕೆರಡು ಸಲ, ನಾಲ್ಕರಿಂದ ಎಂಟು ವಾರ ಹಚ್ಚಿಸುತ್ತೇನೆ. ಹೆಚ್ಚಿನವರಿಗೆ ಅಷ್ಟರಲ್ಲೇ ಸಡಿಲವಾಗುತ್ತದೆ. ‘ಮುಲಾಮು ಹಚ್ಚಿದ್ವಿ, ಏನೂ ಆಗ್ಲಿಲ್ಲ’ ಎಂದು ಬಂದವರನ್ನು ಎಲ್ಲಿ ಹಚ್ಚಿದಿರಿ ಎಂದು ಕೇಳಿದರೆ ಅರ್ಧದಷ್ಟು ಜನ ತೊಗಲಿನ ಮೇಲೆಲ್ಲ ಸವರಿರುತ್ತಾರೆ. ಬಿಗಿ ಇರುವುದು ಬಾಯಿಯ ಉಂಗುರದಲ್ಲಿ, ಮುಲಾಮೂ ಅಲ್ಲಿಗೇ ಬೀಳಬೇಕು. ನೋಯದಷ್ಟು ಮಾತ್ರ ಹಿಂದೆ ಸರಿಸಿ, ಉಂಗುರ ಕಂಡಲ್ಲಿ ತೆಳ್ಳಗೆ ಹಚ್ಚಬೇಕು. ಸಡಿಲವಾದ ಮೇಲೆ ಸ್ನಾನದಲ್ಲಿ ಹುಡುಗ ತಾನೇ ಸರಿಸಿ ತೊಳೆಯುವುದನ್ನು ರೂಢಿ ಮಾಡಿಕೊಳ್ಳದಿದ್ದರೆ ಮತ್ತೆ ಬಿಗಿಯಬಹುದು.

ನಿಧಾನಕ್ಕೆ ಹಿಗ್ಗಿಸುವ ಈ ವಿಚಾರ ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲಿ ಈ ಬಿಗಿತಕ್ಕೆ ನಿರುದ್ಧಪ್ರಕಶ ಎಂಬ ಹೆಸರಿದೆ. ತುಪ್ಪ ಸವರಿದ ಕಬ್ಬಿಣದ, ಮರದ ಇಲ್ಲವೇ ಅರಗಿನ ಕೊಳವೆ ಇಳಿಸಿ, ಮೂರು ಮೂರು ದಿನಕ್ಕೊಮ್ಮೆ ಇನ್ನಷ್ಟು ದಪ್ಪನೆಯದನ್ನು ಇಡಬೇಕೆಂದು ಅಲ್ಲಿ ಹೇಳಿದೆ. ಕೊಳವೆಯನ್ನು ನಾನು ಯಾರಿಗೂ ಬರೆದುಕೊಡುವುದಿಲ್ಲ. ಅವಸರವಿಲ್ಲದ ಆ ಕ್ರಮ ಮಾತ್ರ ಮೆಚ್ಚುವಂಥದು.

ಸೋಂಕು ಬಾರದಂತೆ ಮೊದಲೇ ತೆಗೆಸಿಬಿಡೋಣವೇ ಎಂದು ಕೇಳುವ ತಂದೆಯರಿಗೆ ಒಂದು ಲೆಕ್ಕ ಹೇಳುತ್ತೇನೆ. 2005ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ ಆರೋಗ್ಯವಂತ ಹುಡುಗರಲ್ಲಿ ಒಂದು ಮೂತ್ರದ ಸೋಂಕನ್ನು ತಡೆಯಲು 111 ಮಂದಿಗೆ ಆಪರೇಷನ್ ಮಾಡಬೇಕಾಗುತ್ತದೆ. ಮೂತ್ರ ಹಿಮ್ಮುಖವಾಗಿ ಕಿಡ್ನಿಗೆ ಏರುವ ತೊಂದರೆಯಿರುವ ಮಕ್ಕಳ ಮಾತು ಬೇರೆ. ಅವರಲ್ಲಿ ಲಾಭ ದೊಡ್ಡದು, ನಾನೇ ಸೂಚಿಸುತ್ತೇನೆ.

3. ಬಿಳಿ ಉಂಗುರವನ್ನು ಹಗುರಾಗಿ ಎಣಿಸಬೇಡಿ

ಬಿಗಿತಗಳಲ್ಲಿ ನನ್ನನ್ನು ಯೋಚನೆಗೆ ಹಚ್ಚುವುದು ಇದು. ತೊಗಲಿನ ಅಂಚು ಬೆಳ್ಳಗಾಗಿ, ಕಾಗದದಂತೆ ಒರಟಾಗಿ, ಹಿಗ್ಗುವುದನ್ನೇ ಬಿಟ್ಟುಬಿಡುತ್ತದೆ. ಸರಿಸಲು ಹೋದರೆ ಬಿರಿಯುತ್ತದೆ. ಲೈಕೆನ್ ಸ್ಕ್ಲೆರೋಸಸ್ ಎಂಬ ಈ ಚರ್ಮರೋಗವನ್ನು ಹಳೆಯ ವೈದ್ಯರು ಬಿಎಕ್ಸ್‌ಒ ಎಂದು ಬರೆಯುತ್ತಿದ್ದರು. ಅಂಟುರೋಗವಲ್ಲ, ಹೆಂಡತಿಯಿಂದ ಬಂದದ್ದಲ್ಲ, ಹೆಂಡತಿಗೆ ಹೋಗುವುದೂ ಇಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸದಿದ್ದರೆ ಮನೆಯಲ್ಲಿ ಬೇರೆಯೇ ಜಗಳ ಏಳುತ್ತದೆ.

ತೊಗಲಿನಲ್ಲಷ್ಟೇ ಇದ್ದಾಗ ಬಂದರೆ ಪ್ರಬಲವಾದ ಸ್ಟಿರಾಯ್ಡ್ ಮುಲಾಮು, ಇಲ್ಲವೇ ಮುಂದೊಗಲು ತೆಗೆಯುವ ಆಪರೇಷನ್, ಅಲ್ಲಿಗೆ ಬಹಳ ಜನರಿಗೆ ಮುಗಿಯುತ್ತದೆ. ತಡಮಾಡಿದರೆ ಅದು ಶಿಶ್ನಮಣಿಗೆ ಹಬ್ಬಿ, ಮೂತ್ರ ಬರುವ ರಂಧ್ರವನ್ನು ಕಿರಿದುಮಾಡಿ, ನಾಳದೊಳಗೂ ಇಳಿಯುತ್ತದೆ. ಧಾರೆ ಸಣ್ಣಗಾಗುತ್ತದೆ, ಎರಡಾಗಿ ಒಡೆಯುತ್ತದೆ, ಹೊಯ್ಯಲು ನಿಂತರೆ ಮುಗಿಯುವುದೇ ಇಲ್ಲ. ನಲವತ್ತೈದರ ರೈತನೊಬ್ಬ ಇದನ್ನು ಪ್ರೋಸ್ಟೇಟ್ ಎಂದುಕೊಂಡು ಮಾತ್ರೆ ನುಂಗುತ್ತ ಕಾಲ ಕಳೆದಿರುತ್ತಾನೆ. ತೊಗಲು ಸರಿಸಿ ನೋಡಿದ್ದರೆ ಒಂದೇ ನಿಮಿಷದಲ್ಲಿ ತಿಳಿಯುತ್ತಿತ್ತು.

ನಾಳ ಉದ್ದಕ್ಕೂ ಮುಚ್ಚಿಕೊಂಡರೆ ಕೆನ್ನೆಯ ಒಳಗಿನ ತೆಳುಪದರ ತೆಗೆದು ಕಸಿ ಮಾಡಬೇಕು. ಪುಣೆಯ ಡಾ. ಸಂಜಯ ಕುಲಕರ್ಣಿ ಅವರು ರೂಪಿಸಿದ ವಿಧಾನವನ್ನು ದೇಶವಿದೇಶದ ಸರ್ಜನ್ನರು ಕಲಿತು ಮಾಡುತ್ತಿದ್ದಾರೆ. ಜನನಾಂಗದ ಚರ್ಮವನ್ನೇ ಕಸಿಗೆ ಬಳಸುವಂತಿಲ್ಲ, ರೋಗ ಅಲ್ಲಿಗೂ ಹಿಂಬಾಲಿಸುತ್ತದೆ. ಹಾಗಾಗಿ ಎಲ್ಲವೂ ಕೆನ್ನೆಯ ಮೇಲೆ ನಿಂತಿದೆ. ನಮ್ಮ ಭಾಗದ ಕೆನ್ನೆಗಳ ಗತಿ ಗೊತ್ತಲ್ಲ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಜನ ಪಾನ್ ಮಸಾಲೆ ಒಂದು ಚೀಟು, ತಂಬಾಕು ಒಂದು ಚೀಟು ಕೊಂಡು ಅಂಗೈಯಲ್ಲೇ ಬೆರೆಸಿಕೊಂಡರು. ಹತ್ತು ಹದಿನೈದು ವರ್ಷ ಅಗಿದ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ, ಒಳಪದರ ಬಿಳಿಚಿ ಹಗ್ಗವಾಗಿರುತ್ತದೆ. ‘ಉಚ್ಚೆ ತೊಂದರೆಗೆ ಬಾಯಿ ಯಾಕ್ ನೋಡ್ತೀರಿ ಸರ’ ಎಂದು ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಇನ್ನೊಂದು ಮಾತು. ತೆಗೆದ ತೊಗಲನ್ನು ಕಸದ ಬಕೆಟ್ಟಿಗೆ ಹಾಕಬಾರದು. ವಯಸ್ಕರದ್ದಾದರೆ, ನೋಡಲು ಸ್ವಲ್ಪ ಅನುಮಾನವಾದರೂ, ಫಾರ್ಮಲಿನ್ ಬಾಟಲಿಯಲ್ಲಿ ಹಾಕಿ ಬಯಾಪ್ಸಿಗೆ ಕಳಿಸಬೇಕು. ಈ ರೋಗ ವರ್ಷಾನುಗಟ್ಟಲೆ ಉಳಿದರೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುವುದುಂಟು.

4. ಸೀಳಿದ ತೊಗಲು ಕಂಡರೆ ಶುಗರ್ ನೋಡಿ

ಮೊದಲೆಲ್ಲ ಸಲೀಸಾಗಿ ಸರಿಯುತ್ತಿದ್ದ ತೊಗಲು ನಲವತ್ತು ದಾಟಿದ ಮೇಲೆ ಒಮ್ಮೆಲೇ ಬಿಗಿದು, ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟು, ಮೂತ್ರ ತಾಗಿದರೆ ಉರಿಯುತ್ತಿದ್ದರೆ, ನಾನು ಮೊದಲು ಬರೆಯುವುದು ರಕ್ತದ ಸಕ್ಕರೆ ಮತ್ತು ಎಚ್‌ಬಿಎ1ಸಿ. ತನಗೆ ಸಕ್ಕರೆ ಕಾಯಿಲೆಯಿದೆ ಎಂದು ಗಂಡಸಿಗೆ ಮೊದಲ ಬಾರಿ ಗೊತ್ತಾಗುವುದು ಎಷ್ಟೋ ಸಲ ಈ ತೊಗಲಿನಿಂದಲೇ. ಸಿಹಿಮೂತ್ರ, ಒದ್ದೆ, ಬೆಚ್ಚಗಿನ ಜಾಗ, ಇವು ಮೂರೂ ಕೂಡಿದರೆ ಕ್ಯಾಂಡಿಡಾ ಶಿಲೀಂಧ್ರಕ್ಕೆ ಬೇರೇನೂ ಬೇಡ. ಕೆಂಪು, ತುರಿಕೆ, ಮೊಸರಿನಂಥ ಬಿಳಿ ಕೆಸರು. ಮುಲಾಮು ಹಚ್ಚಿದರೆ ವಾರದಲ್ಲಿ ವಾಸಿ. ಶುಗರ್ ಇಳಿಯದಿದ್ದರೆ ತಿಂಗಳಿಗೆ ಮತ್ತೆ ಹಾಜರು. ಪ್ರತಿ ಸೀಳೂ ಮಾಯುವಾಗ ಒಂದಿಷ್ಟು ಬಿಗಿಯನ್ನು ಬಿಟ್ಟುಹೋಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಹೊಸ ಕಾರಣವೊಂದು ಕೂಡಿಕೊಂಡಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಹೆಚ್ಚಾದ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿ ಕೆಲಸ ಮಾಡುತ್ತವೆ. ಮೊದಲನೆಯದರ ಪೇಟೆಂಟ್ ಭಾರತದಲ್ಲಿ 2020ರಲ್ಲಿ, ಎರಡನೆಯದರದು 2025ರಲ್ಲಿ ಮುಗಿದು ಬೆಲೆ ಇಳಿಯಿತು. ಹಳ್ಳಿಯ ರೋಗಿಯ ಚೀಟಿಯಲ್ಲೂ ಈಗ ಇವೇ. ಹೃದಯಕ್ಕೆ, ಕಿಡ್ನಿಗೆ ತುಂಬ ಒಳ್ಳೆಯ ಮಾತ್ರೆಗಳು, ನಾನು ಅವುಗಳ ವಿರೋಧಿಯಲ್ಲ. ಆದರೆ ಬರೆದುಕೊಡುವವರು ‘ಆ ಜಾಗ ದಿನಾ ತೊಳೆದು ಒರೆಸಿಕೊಳ್ಳಿ, ತುರಿಕೆ ಬಂದರೆ ಹೇಳಿ’ ಎಂಬ ಒಂದು ಸಾಲನ್ನು ಸೇರಿಸುವುದಿಲ್ಲ. ರೋಗಿ ತುರಿಕೆಯನ್ನು ಬೇರೇನೋ ಎಂದುಕೊಂಡು ಮುಚ್ಚಿಡುತ್ತಾನೆ. ತುರಿಕೆಯೆಂದು ಮಾತ್ರೆಯನ್ನು ತಾವೇ ನಿಲ್ಲಿಸಬೇಡಿ, ಬರೆದವರ ಹತ್ತಿರ ಹೋಗಿ. ವೃಷಣ, ಗುದದ ಸುತ್ತ ವಿಪರೀತ ನೋವು, ಊತ, ಜ್ವರ ಒಟ್ಟಿಗೆ ಬಂದರೆ ಮಾತ್ರ ಒಂದು ರಾತ್ರಿಯೂ ಕಾಯುವಂತಿಲ್ಲ. ಈ ಮಾತ್ರೆಗಳ ಜೊತೆ ಅಪರೂಪಕ್ಕೆ ಬರುವ ಫೋರ್ನಿಯರ್ ಗ್ಯಾಂಗ್ರಿನ್ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿತ್ತು.

ಸಕ್ಕರೆ ಮಿತಿಮೀರಿದಾಗ ಆಪರೇಷನ್‌ಗೆ ಅವಸರ ಮಾಡುವುದಿಲ್ಲ. ಎರಡು ವಾರ ಸಕ್ಕರೆ ಇಳಿಸಿದರೆ ಎಷ್ಟೋ ತೊಗಲು ತಾನೇ ಸಡಿಲವಾಗುತ್ತದೆ.

5. ಸರಿಸಿದ್ದನ್ನು ಮುಂದಕ್ಕೆ ತರುವುದು ಯಾರ ಕೆಲಸ?

ಹಿರಿಯರೊಬ್ಬರಿಗೆ ತೊಡೆಯೆಲುಬು ಮುರಿದು ಆಪರೇಷನ್ ಆಗಿದೆ. ಮೂತ್ರಕ್ಕೆ ನಳಿಗೆ ಹಾಕಿದ್ದಾರೆ. ಹಾಕುವಾಗ ತೊಗಲು ಹಿಂದೆ ಸರಿಸಿದವರು ಮುಂದಕ್ಕೆ ತರಲು ಮರೆತಿದ್ದಾರೆ. ಮರುದಿನ ಬೆಳಗ್ಗೆಗೆ ರಬ್ಬರ್‌ಬ್ಯಾಂಡ್ ಸುತ್ತಿಕೊಂಡ ಬೆರಳಿನಂತೆ ತುದಿ ಊದಿ ಕೆಂಪಾಗಿರುತ್ತದೆ. ಪ್ಯಾರಾಫೈಮೋಸಿಸ್ ಎಂಬ ಇದು ತುರ್ತುಸ್ಥಿತಿ. ರಕ್ತ ಓಡಾಡದೆ ತುದಿಯೇ ಸಾಯಬಹುದು. ಬೇಗ ಬಂದರೆ ಮರಗಟ್ಟಿಸುವ ಔಷಧ ಕೊಟ್ಟು, ಮುಷ್ಟಿಯಲ್ಲಿ ಹಿಡಿದು ಹಲವು ನಿಮಿಷ ಬಿಡದೆ ಒತ್ತಿ ನೀರಿಳಿಸಿ, ಹೆಬ್ಬೆರಳಿನಿಂದ ತುದಿಯನ್ನು ಒಳದೂಡಿ ತೊಗಲನ್ನು ಮುಂದಕ್ಕೆ ಎಳೆಯುತ್ತೇವೆ. ಸಕ್ಕರೆ ಸುರಿದು ನೀರು ಹೀರಿಸುವುದೂ ಉಂಟು. ಆಗದಿದ್ದರೆ ಉಂಗುರ ಕತ್ತರಿಸಲೇಬೇಕು.

ನಳಿಗೆ ಹಾಕಿಸಿಕೊಂಡ ಅಪ್ಪನನ್ನು ವಾರ್ಡಿನಲ್ಲಿ ನೋಡಿಕೊಳ್ಳುವ ಮಗ ನಾಚದೆ ಹೊದಿಕೆ ಸರಿಸಿ ಒಮ್ಮೆ ನೋಡಲಿ. ಸಂಭೋಗದ ನಂತರ ಇಲ್ಲವೇ ಮೊದಲ ಸಲ ತೊಗಲು ಸರಿಸಿದಾಗ ಸಿಕ್ಕಿಹಾಕಿಕೊಂಡ ಹುಡುಗರು ಬೆಳಗಾಗಲಿ ಎಂದು ಕಾಯಬಾರದು.

6. ಲಗ್ನಪತ್ರಿಕೆ ಹಂಚಿದ ಮೇಲೆ ಬರಬೇಡಿ

ವರ್ಷವೂ ಮದುವೆ ಸೀಜನ್ನಿನಲ್ಲಿ ಒಂದೇ ಬಗೆಯ ರೋಗಿ: ಹದಿನೈದು ದಿನದಲ್ಲಿ ಅಕ್ಷತೆ, ತೊಗಲು ಸರಿಯುತ್ತಿಲ್ಲ, ಜೊತೆಗೆ ಬಂದ ಗೆಳೆಯ ಹೊರಗೆ ನಿಂತಿದ್ದಾನೆ. ಆಪರೇಷನ್ ಆದ ಮೇಲೆ ಹೊಲಿಗೆ ಕರಗಲು ಎರಡು ಮೂರು ವಾರ ಬೇಕು, ಸಂಭೋಗಕ್ಕೆ ನಾಲ್ಕರಿಂದ ಆರು ವಾರ. ಸ್ಟೇಪ್ಲರ್ ಸಾಧನದಲ್ಲಿ ಮಾಡಿದರೆ ಆಪರೇಷನ್ ಬೇಗ ಮುಗಿಯುತ್ತದೆ ನಿಜ. ಜಾಹೀರಾತು ನೋಡಿ ‘ಲೇಸರ್ ಮಾಡ್ರಿ ಸರ, ಮರುದಿನ ಫ್ರೀ’ ಎನ್ನುವವರಿಗೆ ಗಾಯ ಮಾಯುವ ಕಾಲ ಯಂತ್ರದ ಮಾತು ಕೇಳುವುದಿಲ್ಲ ಎನ್ನುತ್ತೇನೆ.

ಇನ್ನು ಕೆಲವರು ಮದುವೆಯಾದ ವಾರಕ್ಕೆ ಬರುತ್ತಾರೆ. ತುದಿಯ ಕೆಳಗೆ ತೊಗಲನ್ನು ಹಿಡಿದಿರುವ ಎಳೆ, ಫ್ರೆನ್ಯುಲಮ್, ಗಿಡ್ಡವಿದ್ದರೆ ಮೊದಲ ರಾತ್ರಿಯೇ ಹರಿದು ರಕ್ತ ಬರುತ್ತದೆ. ಶುಭ್ರ ಬಟ್ಟೆಯಲ್ಲಿ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಮತ್ತೆ ಮತ್ತೆ ಹರಿದರೆ ಆ ಎಳೆಯನ್ನಷ್ಟೇ ಉದ್ದ ಮಾಡುವ ಸಣ್ಣ ಆಪರೇಷನ್ ಇದೆ, ತೊಗಲು ಪೂರ್ತಿ ತೆಗೆಯಬೇಕಿಲ್ಲ.

ತೊಗಲು ತೆಗೆಸಿದರೆ ‘ಶಕ್ತಿ’ ಹೋಗುತ್ತದೆಯೇ, ಹೆಚ್ಚುತ್ತದೆಯೇ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಕೆನ್ಯಾ ಮತ್ತು ಉಗಾಂಡದಲ್ಲಿ ಸಾವಿರಾರು ಗಂಡಸರ ಮೇಲೆ ನಡೆದ ಪ್ರಯೋಗಗಳಲ್ಲಿ ಲೈಂಗಿಕ ಸಾಮರ್ಥ್ಯ ಕುಂದಿದ್ದು ಕಾಣಲಿಲ್ಲ. ನಿಮಿರುದೌರ್ಬಲ್ಯಕ್ಕೂ ಇದು ಮದ್ದಲ್ಲ. ಬಸ್‌ಸ್ಟ್ಯಾಂಡ್ ಗೋಡೆಯ ‘ಗುಪ್ತರೋಗ ತಜ್ಞ’ರು ಎರಡನ್ನೂ ಒಂದೇ ಪೊಟ್ಟಣದಲ್ಲಿ ಮಾರುತ್ತಾರೆ.

7. ಸುನ್ನತಿಗೆ ಮೊದಲು ಎರಡು ಪ್ರಶ್ನೆ

ಮುಸ್ಲಿಂ ಕುಟುಂಬದವರು ಮಗನ ಸುನ್ನತಿಗೆ ಬಂದಾಗ ನಾನು ಧರ್ಮದ ವಿಷಯಕ್ಕೆ ಹೋಗುವುದಿಲ್ಲ, ಎರಡು ಸಂಗತಿ ಮಾತ್ರ ಖಚಿತ ಮಾಡಿಕೊಳ್ಳುತ್ತೇನೆ. ಮೂತ್ರದ ರಂಧ್ರ ತುದಿಯಲ್ಲೇ ಇದೆಯೇ? ಕೆಳಭಾಗದಲ್ಲಿದ್ದರೆ ಅದು ಹೈಪೋಸ್ಪೇಡಿಯಸ್. ಅದನ್ನು ಸರಿಪಡಿಸಲು ಆ ತೊಗಲೇ ಬೇಕಾಗಬಹುದು, ತೆಗೆದುಬಿಟ್ಟರೆ ಮುಂದಿನ ಸರ್ಜನ್ನನ ಕೈ ಕಟ್ಟಿದಂತೆ. ಎರಡನೆಯದು, ಮಗುವಿನ ಸೋದರಮಾವಂದಿರಲ್ಲಿ, ಅಣ್ಣಂದಿರಲ್ಲಿ ಯಾರಿಗಾದರೂ ಹಲ್ಲು ಕಿತ್ತಾಗ, ಗಾಯವಾದಾಗ ರಕ್ತ ನಿಲ್ಲದೆ ಹೋಗಿತ್ತೇ? ಹಿಮೋಫಿಲಿಯಾ ಇರುವ ಎಷ್ಟೋ ಹುಡುಗರಲ್ಲಿ ಕಾಯಿಲೆ ಮೊದಲು ಹೊರಬೀಳುವುದು ಸುನ್ನತಿಯ ಗಾಯದಿಂದ. ಇದೆಯೆಂದು ಮೊದಲೇ ಗೊತ್ತಾದರೆ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಕೊಟ್ಟು ಸುರಕ್ಷಿತವಾಗಿ ಮಾಡಬಹುದು. ದಾವಣಗೆರೆಯಲ್ಲಿ ಹಿಮೋಫಿಲಿಯಾ ರೋಗಿಗಳಿಗೆಂದೇ ನಡೆಯುವ ಸಂಸ್ಥೆಯಿರುವುದು ನಮ್ಮ ಸುತ್ತಲಿನವರ ಪುಣ್ಯ.

ಹಿಂದೂ ರೋಗಿಗಳ ಕಡೆಯ ತೊಡಕು ಬೇರೆ. ಆಪರೇಷನ್ ಬೇಕು ಎಂದರೆ ‘ನಮ್ಮಲ್ಲಿ ಅದನ್ನ ಮಾಡಿಸಂಗಿಲ್ರಿ’ ಎಂದು ಎದ್ದೇಬಿಡುತ್ತಾರೆ. ಬೈದು ಪ್ರಯೋಜನವಿಲ್ಲ. ಬಿಗಿಯುಂಗುರವನ್ನಷ್ಟೇ ಸೀಳಿ ಅಡ್ಡಕ್ಕೆ ಹೊಲಿದು ತೊಗಲು ಉಳಿಸುವ ದಾರಿಯೂ ಉಂಟು. ಬಿಳಿ ಉಂಗುರದ ರೋಗ ಇಲ್ಲದವರಿಗೆ ಅದನ್ನೇ ಮೊದಲು ಹೇಳುತ್ತೇನೆ. ಎಚ್‌ಐವಿ ತಡೆಯುತ್ತದಂತಲ್ಲ ಎಂದು ಓದಿಕೊಂಡು ಬರುವ ಪಟ್ಟಣದ ಹುಡುಗರಿಗೂ ಒಂದು ಮಾತು. ಆಫ್ರಿಕದ ಪ್ರಯೋಗಗಳಲ್ಲಿ ಹೆಣ್ಣಿನಿಂದ ಗಂಡಿಗೆ ಹರಡುವುದು ಸುಮಾರು ಶೇ. 60ರಷ್ಟು ಕಡಿಮೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಅದನ್ನು ಸೂಚಿಸಿದ್ದು ಸೋಂಕು ವಿಪರೀತವಾಗಿದ್ದ ಪೂರ್ವ ಮತ್ತು ದಕ್ಷಿಣ ಆಫ್ರಿಕದ ದೇಶಗಳಿಗೆ. ಕಾಂಡೋಮ್ ಬಿಡಲು ಅದು ಪರವಾನಗಿಯಲ್ಲ.

8. ತೊಗಲಿನಡಿ ಗಂಟು ಸಿಕ್ಕರೆ

ಶಿಶ್ನದ ಕ್ಯಾನ್ಸರ್ ಅಪರೂಪ. ಆದರೆ ಬಿಗಿದ ತೊಗಲಿನಡಿ ಬೆಳೆದಾಗ ಅದು ಕಾಣುವುದೇ ಇಲ್ಲ. ಸದಾ ಬಿಗಿಯಾಗಿರುವ ತೊಗಲು, ಎಚ್‌ಪಿವಿ ವೈರಸ್ಸು, ಬೀಡಿ, ತಂಬಾಕು, ಇವು ಅದರ ಗೊತ್ತಿರುವ ಕಾರಣಗಳು. ಮೊದಲು ಕೆಟ್ಟ ವಾಸನೆಯ ದ್ರವ, ಆಮೇಲೆ ಮುಟ್ಟಿದರೆ ಗಟ್ಟಿ, ಆಮೇಲೆ ತೊಡೆಸಂದಿಯಲ್ಲಿ ಗಂಟು. ಇಷ್ಟೂ ಕಾಲ ಮೆಡಿಕಲ್ ಶಾಪಿನ ಟ್ಯೂಬು ನಡೆದಿರುತ್ತದೆ. ಸ್ಟಿರಾಯ್ಡ್, ಆಂಟಿಬಯೋಟಿಕ್, ಶಿಲೀಂಧ್ರದ ಔಷಧ ಎಲ್ಲ ಸೇರಿಸಿದ ಟ್ಯೂಬು. ಹಚ್ಚಿದ ಎರಡು ದಿನ ಹಾಯೆನಿಸುತ್ತದೆ, ಅದೇ ಮೋಸ. ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು 2018ರಲ್ಲಿ ಸರ್ಕಾರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದಿತು. ಕೌಂಟರಿನಲ್ಲಿ ಕೇಳಿ ನೋಡಿ, ಈಗಲೂ ಕೊಡುತ್ತಾರೆ.

ಐವತ್ತು ದಾಟಿದವನಿಗೆ ಹೊಸದಾಗಿ ಬಿಗಿತ ಬಂದರೆ ಕೆಳಗೇನಿದೆ ಎಂದು ನೋಡುವ ತನಕ ಅದನ್ನು ಬರೀ ಬಿಗಿತ ಎಂದು ಕರೆಯಕೂಡದು. ತೊಗಲು ಸರಿಯದಿದ್ದರೆ ಮೇಲೆ ಸೀಳಿಯಾದರೂ ನೋಡಬೇಕು, ಅನುಮಾನವಿದ್ದಲ್ಲಿಂದ ತುಣುಕು ತೆಗೆಯಬೇಕು. ತುದಿಯ ಮೇಲ್ಪದರದಲ್ಲೇ ಇದ್ದರೆ ಅಂಗ ಉಳಿಯುತ್ತದೆ, ಎಷ್ಟೋ ಸಲ ತೊಗಲು ತೆಗೆಯುವುದರಲ್ಲೇ ಮುಗಿಯುತ್ತದೆ. ತೊಡೆಸಂದಿಗೆ ಹಬ್ಬಿದ ಮೇಲೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆಗೆ ಕಳಿಸುತ್ತೇನೆ. ಅಲ್ಲಿ ಅಂಗವನ್ನೂ ತೊಡೆಸಂದಿಯ ಗ್ರಂಥಿಗಳನ್ನೂ ತೆಗೆಯಬೇಕಾಗುತ್ತದೆ. ಅಂಗವನ್ನು ಪೂರ್ತಿ ತೆಗೆದರೆ ಆಮೇಲೆ ಅವನು ಕುಳಿತೇ ಮೂತ್ರ ಮಾಡಬೇಕು.

ಎಷ್ಟೋ ಮನೆಗಳಲ್ಲಿ ಇಂಥವನನ್ನು ಕರೆತರುವುದು ಹೆಂಡತಿ. ‘ವಾಸನಿ ಬರತೈತ್ರಿ, ಕೇಳಿದ್ರ ಬೈತಾರ್ರಿ’ ಎಂದು ಆಕೆ ತಗ್ಗಿದ ದನಿಯಲ್ಲಿ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಅದೇ ಎಚ್‌ಪಿವಿ ಆಕೆಗೂ ತಗುಲಿರಬಹುದಾದ್ದರಿಂದ ಆಕೆಯ ಗರ್ಭಕಂಠದ ತಪಾಸಣೆಯನ್ನೂ ಬರೆದುಕೊಡುತ್ತೇನೆ.

9. ತೊಳೆಯಲು ನೀರು ಸಾಕು

ದಿನಕ್ಕೊಮ್ಮೆ ಸ್ನಾನದಲ್ಲಿ ಸರಿಸಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ಮುಂದಕ್ಕೆ ತಂದರೆ ಆಯಿತು. ಗಾಯಕ್ಕೆ ಬಳಸುವ ಆಂಟಿಸೆಪ್ಟಿಕ್ ದ್ರವವನ್ನು ನೀರು ಬೆರೆಸದೆ ಸುರಿದುಕೊಂಡು ಸುಟ್ಟುಕೊಂಡು ಬಂದವರಿದ್ದಾರೆ. ಪರಿಮಳದ ಸೋಪು ಒಳಮೈಗೆ ಬೇಡ. ಎಷ್ಟೋ ‘ಇನ್ಫೆಕ್ಷನ್’ ಸೋಪು ಬಿಟ್ಟೊಡನೆ ಹೋಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಒಣಗಿ ಬಿರಿಯುವ ಚರ್ಮಕ್ಕೆ ಒಂದು ಹನಿ ಹಚ್ಚಿಕೊಳ್ಳಿ, ತೊಂದರೆಯಿಲ್ಲ. ಕಾಂಡೋಮ್ ಬಳಸುವ ದಿನ ಮಾತ್ರ ಬೇಡ, ಎಣ್ಣೆ ತಾಗಿದರೆ ಅದರ ರಬ್ಬರು ಹರಿಯುತ್ತದೆ.